ಪ್ರಶ್ನೆಪತ್ರಿಕೆ ಹಿಂಬಾಲಿಸದ ಅರ್ಧ ಗಂಟೆ

ರವೀಂದ್ರನಾಥ ಟ್ಯಾಗೋರರು 1918ರಲ್ಲಿ ಬರೆದ ಪುಟ್ಟ ಕಥೆಯೊಂದಿದೆ. ಒಂದು ಹಕ್ಕಿ. ಹಾಡುತ್ತದೆ, ಕುಪ್ಪಳಿಸುತ್ತದೆ, ಹಾರುತ್ತದೆ. ಆದರೆ ಶಾಸ್ತ್ರ ಓದಿಲ್ಲ, ರೀತಿ ರಿವಾಜು ತಿಳಿದಿಲ್ಲ. ಇಂಥ ಹಕ್ಕಿಯಿಂದ ರಾಜ್ಯಕ್ಕೇನು ಪ್ರಯೋಜನ, ಅದಕ್ಕೆ ವಿದ್ಯೆ ಕಲಿಸಿ ಎಂದು ರಾಜನ ಅಪ್ಪಣೆಯಾಗುತ್ತದೆ. ಪಂಡಿತರು ಸಭೆ ಸೇರುತ್ತಾರೆ. ಹುಲ್ಲುಕಡ್ಡಿಯ ಗೂಡಿನಲ್ಲಿ ವಿದ್ಯೆ ನಿಲ್ಲುವುದಿಲ್ಲವೆಂದು ಚಿನ್ನದ ಪಂಜರ ತಯಾರಾಗುತ್ತದೆ. ಅಕ್ಕಸಾಲಿಗನಿಗೆ ಇನಾಮು, ಗ್ರಂಥ ನಕಲು ಮಾಡುವವರಿಗೆ ಕೈತುಂಬ ಸಂಬಳ, ಅವರನ್ನು ನೋಡಿಕೊಳ್ಳಲು ಇನ್ನಷ್ಟು ಜನ. ಹಕ್ಕಿಯ ಬಾಯಿಗೆ ಹಾಳೆಗಳನ್ನು ತುರುಕುತ್ತಾರೆ. ರೆಕ್ಕೆ ಬಡಿದರೆ ಅಶಿಸ್ತೆಂದು ರೆಕ್ಕೆಯನ್ನೇ ಕತ್ತರಿಸುತ್ತಾರೆ. ಶಿಕ್ಷಣ ಪೂರ್ತಿಯಾಯಿತೆಂದು ವರದಿ ಬಂದ ದಿನ ರಾಜ ಹಕ್ಕಿಯನ್ನು ತರಿಸಿ ಬೆರಳಿನಿಂದ ಒತ್ತಿ ನೋಡುತ್ತಾನೆ. ಒಳಗಿನಿಂದ ಒಣಹಾಳೆಗಳ ಸರಬರ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಈ ಕಥೆಯನ್ನು ಬಿ.ವಿ. ಕಾರಂತರು ‘ಪಂಜರ ಶಾಲೆ’ ಎಂಬ ನಾಟಕವಾಗಿ ಕನ್ನಡದ ಮಕ್ಕಳ ಕೈಗೆ ಕೊಟ್ಟರು. ಬೇಸಿಗೆ ಶಿಬಿರಗಳಲ್ಲಿ, ಶಾಲಾ ರಂಗಮಂದಿರಗಳಲ್ಲಿ ಅದು ಈಗಲೂ ಆಡಲ್ಪಡುತ್ತದೆ. ಪಂಡಿತರ ವೇಷ ಹಾಕಿದ ಮಕ್ಕಳು ಎಷ್ಟು ಸಂಭ್ರಮದಿಂದ ಗಂಟಲು ಕೆರೆದುಕೊಂಡು ಮಾತಾಡುತ್ತಾರೆಂದರೆ, ನೋಡುತ್ತ ಕೂತ ಮೇಷ್ಟ್ರುಗಳೂ ನಗುತ್ತಾರೆ. ನಗುವಷ್ಟರಲ್ಲಿ ಹಕ್ಕಿ ಸತ್ತಿರುತ್ತದೆ. ಶಿಕ್ಷಣದ ಬಗ್ಗೆ ಇಷ್ಟು ಕಠೋರವಾದ ಮಾತನ್ನು ಮಕ್ಕಳ ಬಾಯಿಂದಲೇ ಆಡಿಸುವ ಇನ್ನೊಂದು ನಾಟಕ ನನಗೆ ಗೊತ್ತಿಲ್ಲ. ಶಿಕ್ಷಕರ ಯಾವ ತರಬೇತಿಯೂ ಈ ನಾಟಕ ನೋಡದೆ ಮುಗಿಯಬಾರದೆಂಬುದು ನನ್ನ ಅಭಿಪ್ರಾಯ.

ಕಾರಂತರಿಗೆ ಈ ಕಥೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಬಂಟ್ವಾಳ ತಾಲ್ಲೂಕಿನ ಹಳ್ಳಿಯ ಆ ಹುಡುಗ ಮೊದಲ ಸಲ ಬಣ್ಣ ಹಚ್ಚಿದ್ದು ಮೂರನೇ ಕ್ಲಾಸಿನಲ್ಲಿ. ಪಿ.ಕೆ. ನಾರಾಯಣ ಎಂಬುವರು ಆಡಿಸಿದ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ. ಅಲ್ಲಿಂದ ಹತ್ತಿದ ಗೀಳು ಅವರನ್ನು ಹುಡುಗನಾಗಿದ್ದಾಗಲೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿಗೆ ಓಡಿಸಿತು. ವೀರಣ್ಣನವರೇ ಮುಂದೆ ಓದಲು ಕಾಶಿಗೆ ಕಳಿಸಿದರು. ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕತ್ವ, ಭೋಪಾಲದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ, ಇವೆಲ್ಲ ಆಮೇಲಿನ ಮಾತು. ಮೂರನೇ ಕ್ಲಾಸಿನ ಆ ನಾಟಕಕ್ಕೆ ಅಂಕ ಇರಲಿಲ್ಲ, ಅದು ಯಾವ ಪಾಠಕ್ಕೂ ‘ಪೂರಕ ಚಟುವಟಿಕೆ’ ಆಗಿರಲಿಲ್ಲ. ಹಾಗೆಂದು ಪ್ರತಿ ಶಾಲೆಯ ನಾಟಕದಿಂದಲೂ ಒಬ್ಬ ಕಾರಂತರು ಹುಟ್ಟಬೇಕಿಲ್ಲ. ಆಡಿದ ಮಗು ಮುಂದೆ ರೈತನಾಗಲಿ, ನರ್ಸ್ ಆಗಲಿ, ಬಸ್ ಕಂಡಕ್ಟರ್ ಆಗಲಿ, ಬೇರೆಯವರ ಮಾತನ್ನು ತನ್ನ ಬಾಯಲ್ಲಿ ಒಮ್ಮೆ ಆಡಿ ನೋಡಿದ ಅನುಭವ ಅದರ ಜೊತೆಗಿರುತ್ತದೆ.

ನಮ್ಮ ಶಾಲೆಗಳಲ್ಲಿ ಕಥೆ ಇದೆ, ಹಾಡಿದೆ, ಚಿತ್ರವಿದೆ, ನಾಟಕವೂ ಇದೆ. ಆದರೆ ಎಲ್ಲದರ ಹಿಂದೆಯೂ ಒಂದು ಪ್ರಶ್ನೆ ಕಾದು ನಿಂತಿರುತ್ತದೆ. ಕಥೆ ಮುಗಿದ ಕೂಡಲೇ ‘ಈ ಕಥೆಯ ನೀತಿ ಏನು?’ ಪದ್ಯ ಮುಗಿದ ಕೂಡಲೇ ‘ಬಿಟ್ಟ ಸ್ಥಳ ತುಂಬಿ’. ನಾಟಕವೆಂದರೆ ಪ್ರತಿಭಾ ಕಾರಂಜಿಯ ಬಹುಮಾನ, ಚಿತ್ರವೆಂದರೆ ಸ್ವಾತಂತ್ರ್ಯೋತ್ಸವದ ಸ್ಪರ್ಧೆ. ಪ್ರತಿಭಾ ಕಾರಂಜಿ ಹಳ್ಳಿಯ ಎಷ್ಟೋ ಮಕ್ಕಳನ್ನು ವೇದಿಕೆಗೆ ತಂದಿದೆ ಎಂಬುದು ನಿಜ. ಆದರೆ ಸ್ಪರ್ಧೆಗೆ ಹೋಗುವುದು ಶಾಲೆಯ ನಾಲ್ಕಾರು ಚುರುಕು ಮಕ್ಕಳು. ಉಳಿದವರು ಚಪ್ಪಾಳೆ ತಟ್ಟುವವರು. ನಾನು ಕೇಳುತ್ತಿರುವುದು ಆ ಉಳಿದವರ ಪಾಲಿನ ಅರ್ಧ ಗಂಟೆಯನ್ನು. ದಿನಕ್ಕೊಮ್ಮೆ, ಆಗದಿದ್ದರೆ ವಾರಕ್ಕೆರಡು ಸಲ, ಪುಸ್ತಕವೋ ನಾಟಕವೋ ಬೊಂಬೆಯೋ ಹಾಡೋ ಇರುವ, ಆದರೆ ಕೊನೆಯಲ್ಲಿ ಪ್ರಶ್ನೆ ಇಲ್ಲದ ಅರ್ಧ ಗಂಟೆ.

ಇದರಲ್ಲಿ ಅತ್ಯಂತ ಸುಲಭವಾದದ್ದೂ, ಅತ್ಯಂತ ಹೆಚ್ಚು ಫಲ ಕೊಡುವಂಥದ್ದೂ ಒಂದೇ: ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವುದು. ಖರ್ಚಿಲ್ಲ, ತರಬೇತಿಯ ಸರ್ಟಿಫಿಕೇಟ್ ಬೇಕಿಲ್ಲ. ಮಗುವಿಗೆ ಓದಲು ಬರುವುದಕ್ಕಿಂತ ಕೇಳಿ ಅರ್ಥ ಮಾಡಿಕೊಳ್ಳಲು ಬರುವುದು ಸಾಮಾನ್ಯವಾಗಿ ಹೆಚ್ಚು. ಎರಡನೇ ಕ್ಲಾಸಿನ ಹುಡುಗ ಒತ್ತಕ್ಷರದಲ್ಲಿ ಎಡವುತ್ತ ಒಂದು ವಾಕ್ಯ ಮುಗಿಸುವ ಹೊತ್ತಿಗೆ ಆ ವಾಕ್ಯದ ತಲೆಯೇ ಮರೆತುಹೋಗಿರುತ್ತದೆ. ಅವನಿಗೆ ಕಥೆ ಎಂಬುದು ಸಿಕ್ಕೇ ಇರುವುದಿಲ್ಲ, ಅಕ್ಷರಗಳು ಮಾತ್ರ ಸಿಕ್ಕಿರುತ್ತವೆ. ಅದೇ ಹುಡುಗನಿಗೆ ಟೀಚರ್ ಒಂದು ಕಥೆಯನ್ನು ಇಡಿಯಾಗಿ ಓದಿದರೆ, ಅಕ್ಷರದ ಆಚೆ ಏನಿದೆ ಎಂಬುದು ತಿಳಿಯುತ್ತದೆ. ಒತ್ತಕ್ಷರದ ಜೊತೆ ಗುದ್ದಾಡಲು ಒಂದು ಕಾರಣ ಸಿಗುತ್ತದೆ.

ಇನ್ನೊಂದು ಲಾಭ ಕರ್ನಾಟಕದ ಮಟ್ಟಿಗೆ ದೊಡ್ಡದು. ಕಲಬುರಗಿಯ ಮಗು, ಕುಂದಾಪುರದ ಮಗು, ಚಾಮರಾಜನಗರದ ಮಗು ಮನೆಯಲ್ಲಿ ಆಡುವ ಕನ್ನಡ ಬೇರೆ, ಪಠ್ಯಪುಸ್ತಕದ ಕನ್ನಡ ಬೇರೆ. ತಾಂಡಾದ ಮಗು ಲಂಬಾಣಿಯಲ್ಲಿ, ಮಂಗಳೂರಿನ ಮಗು ತುಳುವಿನಲ್ಲಿ, ಪೇಟೆಯ ಎಷ್ಟೋ ಮಕ್ಕಳು ಉರ್ದುವಿನಲ್ಲಿ ಕನಸು ಕಾಣುತ್ತವೆ. ಅವರಿಗೆಲ್ಲ ಪುಸ್ತಕದ ಕನ್ನಡ ಮೊದಲು ಕಿವಿಯಿಂದಲೇ ಒಳಗೆ ಹೋಗಬೇಕು. ಒಂದು ಬೆಚ್ಚನೆಯ ದನಿಯಲ್ಲಿ ನೂರಾರು ಸಲ ಕೇಳಿದ ವಾಕ್ಯದ ಧಾಟಿ ವ್ಯಾಕರಣದ ಪಾಠಕ್ಕಿಂತ ಆಳವಾಗಿ ಕೂರುತ್ತದೆ. ಹಾಗೆಯೇ ಕಥೆ ಮುಗಿದ ಮೇಲೆ ಲಂಬಾಣಿ ಹುಡುಗಿ ಅದನ್ನು ತನ್ನ ಭಾಷೆಯಲ್ಲೇ ಪಕ್ಕದವಳಿಗೆ ಹೇಳಿದರೆ ತಡೆಯಬೇಡಿ. ಕಥೆ ಅವಳದಾಯಿತು ಎಂಬುದಕ್ಕೆ ಅದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಓದುವ ಬಗೆ ಹೀಗಿರಲಿ. ಮೊದಲು ಮನೆಯಲ್ಲಿ ನೀವೊಬ್ಬರೇ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಎಲ್ಲಿ ಉಸಿರು ನಿಲ್ಲಿಸಬೇಕು, ಯಾವ ಪಾತ್ರದ ದನಿ ಹೇಗೆ ಎಂಬುದು ಆಗಲೇ ಗೊತ್ತಾಗುವುದು. ಮಕ್ಕಳು ಡೆಸ್ಕಿನಿಂದ ಎದ್ದು ಹತ್ತಿರ ಬಂದು ನೆಲದ ಮೇಲೆ ಕೂರಲಿ. ಚಿತ್ರದ ಪುಸ್ತಕವಾದರೆ ಪುಟವನ್ನು ಅವರ ಕಡೆ ತಿರುಗಿಸಿ ಹಿಡಿಯಿರಿ, ನೋಡಲು ಹೊತ್ತು ಕೊಡಿ. ಸಣ್ಣ ಮಕ್ಕಳು ಚಿತ್ರದಲ್ಲಿ ನಮ್ಮ ಕಣ್ಣಿಗೆ ಬೀಳದ್ದನ್ನೆಲ್ಲ ಕಾಣುತ್ತಾರೆ. ಕಷ್ಟದ ಪದ ಬಂದಾಗಲೆಲ್ಲ ನಿಲ್ಲಿಸಿ ಅರ್ಥ ಬಿಡಿಸಬೇಡಿ. ಕಥೆಯ ಓಟದಲ್ಲಿ ಅರ್ಧ ಪದಗಳ ಅರ್ಥ ತಾನಾಗಿಯೇ ಹೊಳೆಯುತ್ತದೆ, ಉಳಿದರ್ಧವನ್ನು ಮಕ್ಕಳೇ ಕೇಳುತ್ತಾರೆ. ‘ಅರ್ಥ ಆಯ್ತಾ?’ ಎಂಬ ಮಾತನ್ನಂತೂ ಆಡಲೇಬೇಡಿ. ಆ ಪ್ರಶ್ನೆಗೆ ನಮ್ಮ ಮಕ್ಕಳು ಕೊಡುವ ಉತ್ತರ ‘ಹೂಂ ಸಾರ್’ ಒಂದೇ. ಕಥೆ ಮುಗಿಸಿ ಸುಮ್ಮನೆ ಪುಸ್ತಕ ಮುಚ್ಚಿ. ಯಾರಾದರೂ ಏನಾದರೂ ಹೇಳುತ್ತಾರೆ, ಅಲ್ಲಿಂದ ಮಾತು ಬೆಳೆಯಲಿ. ಯಾರೂ ಏನೂ ಹೇಳದಿದ್ದರೆ ಅದೂ ಸರಿಯೇ.

ಏನು ಓದುವುದು? ಸಣ್ಣವರಿಗೆ ಪಂಜೆ ಮಂಗೇಶರಾಯರಿಂದ ಶುರು ಮಾಡಿ ಎನ್ನುತ್ತೇನೆ. ಅವರು ಮೇಷ್ಟ್ರಾಗಿದ್ದವರು, ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. ಮಕ್ಕಳು ಎಲ್ಲಿ ಆಕಳಿಸುತ್ತಾರೆ, ಎಲ್ಲಿ ಕಣ್ಣರಳಿಸುತ್ತಾರೆ ಎಂಬುದನ್ನು ಕಂಡು ಬಲ್ಲವರು. ‘ಸಿಗಡಿ ಯಾಕೆ ಒಣಗಲಿಲ್ಲ’ದಲ್ಲಿ ಪ್ರಶ್ನೆಗೆ ಪ್ರಶ್ನೆ ಕೊಂಡಿ ಹಾಕಿಕೊಂಡು ಹೋಗುವ ಬಗೆಯನ್ನು ಗಮನಿಸಿ. ಇಂಥ ಸರಪಳಿ ಕಥೆಯನ್ನು ಎರಡನೇ ಸಲ ಓದುವಾಗ ಮಕ್ಕಳು ನಿಮಗಿಂತ ಮುಂಚೆ ಮುಂದಿನ ಕೊಂಡಿಯನ್ನು ಕೂಗಿ ಹೇಳುತ್ತಾರೆ. ಓದಲು ಬಾರದ ಮಗುವೂ ಆ ಕ್ಷಣ ಓದುತ್ತಿರುವ ಮಗುವೇ. ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯ ಪದ್ಯಗಳನ್ನು ಕೈತಟ್ಟಿಕೊಂಡು, ಹೆಜ್ಜೆ ಹಾಕಿಕೊಂಡು ಹೇಳಿಸಿ, ಅವು ಕೂತು ಓದಲು ಬರೆದವಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಇಡೀ ಕ್ಲಾಸು ಎದ್ದು ನಿಂತು ಹೇಳಬೇಕು.

ಈಚಿನವರನ್ನೂ ಓದಿ. ಮಕ್ಕಳ ಸಾಹಿತ್ಯವೆಂದರೆ ಪಂಜೆ, ರಾಜರತ್ನಂ ಅಲ್ಲಿಗೇ ನಿಲ್ಲಿಸುವುದು ನಮ್ಮ ಶಾಲೆಗಳ ದೊಡ್ಡ ಕೊರತೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡದಲ್ಲಿ ಅದು ಸಂದದ್ದು ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’, ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂ ಮಂತ್ರಯ್ಯನ ಕಥೆಗಳು’ ಅದೇ ಪುರಸ್ಕಾರ ಪಡೆದ ಈಚಿನ ಪುಸ್ತಕಗಳು. ಕನ್ನಡದಲ್ಲಿ ಮಕ್ಕಳಿಗಾಗಿ ಬರೆದವರಲ್ಲಿ ಪಂಜೆಯವರ ಕಾಲದಿಂದಲೂ ಮೇಷ್ಟ್ರುಗಳದೇ ದೊಡ್ಡ ಪಾಲು. ನಿಮ್ಮಂತೆಯೇ ಹಾಜರಿ ಕರೆದವರು, ಉತ್ತರಪತ್ರಿಕೆ ತಿದ್ದಿದವರು ಬರೆದ ಪುಸ್ತಕಗಳಿವು ಎಂಬುದನ್ನು ಶಿಕ್ಷಕರು ಹೆಮ್ಮೆಯಿಂದ ನೆನೆಯಬೇಕು.

ಹೈಸ್ಕೂಲಿನ ಮಕ್ಕಳಿಗೆ ಓದಿ ಹೇಳುವುದೇನು, ಅವರೇ ಓದಿಕೊಳ್ಳುತ್ತಾರೆ ಎಂದುಕೊಳ್ಳಬೇಡಿ. ಓದಿಕೊಳ್ಳುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ದಿನಕ್ಕೆ ಹತ್ತು ಪುಟದಂತೆ ಓದಿ ನೋಡಿ. ಮಂದಣ್ಣನ ಮದುವೆಯ ಗಲಾಟೆ, ಕಾಡಿನೊಳಗಿನ ಹುಡುಕಾಟ, ಆ ಹಾರುವ ಓತಿ, ಇವು ಎಂಟನೇ ಕ್ಲಾಸಿನ ಹುಡುಗ ಹುಡುಗಿಯರನ್ನು ಹಿಡಿದು ಕೂರಿಸುವಂತೆ ಯಾವ ವಿಜ್ಞಾನದ ಪಾಠವೂ ಕೂರಿಸಿದ್ದನ್ನು ನಾನು ಕಂಡಿಲ್ಲ. ‘ಪರಿಸರದ ಕಥೆ’ಯಾದರೆ ಒಂದೊಂದು ಅಧ್ಯಾಯವೂ ಒಂದು ಪಿರಿಯಡ್ಡಿಗೆ ಸರಿಹೊಂದುತ್ತದೆ.

ಪುಸ್ತಕ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬರುತ್ತದೆ. ಬಹುಪಾಲು ಶಾಲೆಗಳಲ್ಲಿ ಪುಸ್ತಕ ಇದೆ, ಬೀರುವಿನೊಳಗಿದೆ. ಸ್ಟಾಕ್ ರಿಜಿಸ್ಟರಿನಲ್ಲಿ ಏರಿದ ಪುಸ್ತಕ ಹರಿದರೆ, ಕಳೆದರೆ ಯಾರು ಜವಾಬು ಕೊಡುವುದು ಎಂಬ ಭಯಕ್ಕೆ ಅದು ಹೊಸದಾಗಿಯೇ ಉಳಿದು, ಕೊನೆಗೆ ಗೆದ್ದಲಿನ ಪಾಲಾಗುತ್ತದೆ. ಈ ಭಯ ಶಿಕ್ಷಕರು ತಾವಾಗಿ ತಂದುಕೊಂಡದ್ದಲ್ಲ, ಆಡಿಟ್ ಹುಟ್ಟಿಸಿದ್ದು. ಮಕ್ಕಳ ಕೈಯಲ್ಲಿ ಓಡಾಡಿ ಹರಿದ ಪುಸ್ತಕ ನಷ್ಟವಲ್ಲ, ಬಳಕೆ. ಪ್ರತಿ ವರ್ಷ ಇಷ್ಟು ಭಾಗ ಪುಸ್ತಕ ಸವೆದುಹೋಗುವುದು ಸಹಜವೆಂದು ಶಿಕ್ಷಣ ಇಲಾಖೆ ಒಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದು ಎಲ್ಲ ಶಾಲೆಗಳಿಗೂ ಮುಟ್ಟಿಸಿದರೆ, ಲಕ್ಷಗಟ್ಟಲೆ ಪುಸ್ತಕಗಳಿಗೆ ಒಂದೇ ದಿನದಲ್ಲಿ ಜೀವ ಬರುತ್ತದೆ.

ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನೂ ಮರೆಯಬೇಡಿ. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚಿವೆ. ಇವು ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದ ಮೇಲೆ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಪುಸ್ತಕ ಹಂಚಿದವು. ಈಗ ಅವುಗಳಿಗೆ ಅರಿವು ಕೇಂದ್ರವೆಂಬ ಹೆಸರಿದೆ. ಶಾಲೆಯಿಂದ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ಒಂದು ಮಧ್ಯಾಹ್ನ ಅಲ್ಲಿ ಕಳೆದರೆ, ಮೇಲ್ವಿಚಾರಕರಿಗೂ ಖುಷಿ, ಮಕ್ಕಳಿಗೂ ದಾರಿ ಗೊತ್ತಾಗುತ್ತದೆ. ಫೋನಿನಲ್ಲಿ ನೋಡುವುದಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆಯಾಗಿವೆ, ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ.

ಇನ್ನು ನಾಟಕ. ನಾಟಕವೆಂದರೆ ಪರದೆ, ಬಣ್ಣ, ಮೈಕು, ಮೂರು ತಿಂಗಳ ತಾಲೀಮು ಎಂದುಕೊಂಡು ಶಿಕ್ಷಕರು ಹಿಂಜರಿಯುತ್ತಾರೆ. ಕ್ಲಾಸಿನಲ್ಲಿ ಆಡುವ ನಾಟಕಕ್ಕೆ ಇವು ಯಾವುವೂ ಬೇಡ. ಎಲ್ಲರಿಗೂ ಬಾಯಿಪಾಠವಿರುವ ಗೋವಿನ ಹಾಡನ್ನೇ ತೆಗೆದುಕೊಳ್ಳಿ. ನಲವತ್ತು ಮಕ್ಕಳಿದ್ದಾರೆ, ಪಾತ್ರ ಇರುವುದು ಹಸು, ಕರು, ಹುಲಿ, ಗೊಲ್ಲ, ನಾಲ್ಕೇ ಎನಿಸಬಹುದು. ಹಾಡನ್ನು ಇನ್ನೊಮ್ಮೆ ನೋಡಿ. ಹಸು ಪುಣ್ಯಕೋಟಿ, ಕೊಟ್ಟ ಮಾತಿನಂತೆ ಹುಲಿಯ ಬಳಿಗೆ ಮರಳುವ ಮೊದಲು, ತನ್ನ ಕರುವನ್ನು ದೊಡ್ಡಿಯ ಇತರ ಹಸುಗಳಿಗೆ ಒಪ್ಪಿಸುತ್ತಾಳೆ. ಅಲ್ಲಿಗೆ ಇಡೀ ಕ್ಲಾಸಿಗೂ ಪಾತ್ರ ಸಿಕ್ಕಿತು. ಪ್ರತಿಯೊಬ್ಬರೂ ಒಂದು ಹಸು. ತಾಯಿ ಹೊರಟು ನಿಂತಿದ್ದಾಳೆ, ನೀನೇನು ಹೇಳುತ್ತೀಯ? ಒಬ್ಬಳು ಹೋಗಬೇಡವೆಂದು ಅಡ್ಡ ನಿಲ್ಲುತ್ತಾಳೆ. ಒಬ್ಬ, ಎಲ್ಲರೂ ಒಟ್ಟಿಗೆ ಹೋಗಿ ಹುಲಿಯನ್ನು ಹಾಯೋಣ ಎನ್ನುತ್ತಾನೆ. ಇನ್ನೊಬ್ಬಳು ಏನೂ ಮಾತಾಡದೆ ಕರುವಿನ ಪಕ್ಕ ಹೋಗಿ ಕೂರುತ್ತಾಳೆ. ಬರೆದುಕೊಟ್ಟ ಸಂಭಾಷಣೆಯಿಂದ ಇದು ಬರುವುದಿಲ್ಲ.

ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಂಥ ಒಂದು ತಾಲೀಮನ್ನು ನೋಡುತ್ತ ಕೂತಿದ್ದೆ. ಹಾಡು ಪುಣ್ಯಕೋಟಿಯ ಹಿಂದೆಯೇ ದೊಡ್ಡಿಗೆ ಹೋಗುತ್ತದಲ್ಲ, ಆಗ ಅರ್ಬುತನೆಂಬ ಹುಲಿಯಾಗಿದ್ದ ಹುಡುಗ ಮೂಲೆಯಲ್ಲಿ ಒಬ್ಬನೇ ಉಳಿದ. ಏನು ಮಾಡಬೇಕೆಂದು ತೋಚದೆ ಟೀಚರ್ ಮುಖ ನೋಡಿದ. ಆಕೆ ಅವನಿಗೆ ಏನೂ ಹೇಳಿಕೊಡದೆ ಇಡೀ ಕ್ಲಾಸನ್ನು ಕೇಳಿದರು, ‘ಅವಳು ಮನೆಗೆ ಹೋಗಿ ಬರೋವರೆಗೂ ಅರ್ಬುತ ಏನು ಮಾಡ್ತಿದ್ದ?’ ನಿದ್ದೆ ಹೊಡೀತಿದ್ದ ಎಂದರು ಕೆಲವರು. ಮೋಸ ಹೋದೆ ಅಂತ ಹಲ್ಲು ಕಡೀತಿದ್ದ ಎಂದರು ಇನ್ನು ಕೆಲವರು. ಹುಲಿಯಾಗಿದ್ದವನು ಕೊನೆಗೆ ಹೇಳಿದ, ‘ಬರಲ್ಲ ಅಂತ ಗೊತ್ತಿತ್ತು ಮಿಸ್. ಆದ್ರೂ ದಾರಿ ನೋಡ್ತಿದ್ದ.’ ಆಮೇಲೆ ಆ ಹುಡುಗ ಹಸಿದ ಹುಲಿಯೊಂದು ದಾರಿ ನೋಡುವುದನ್ನು ಆಡಿ ತೋರಿಸಿದ. ಪುಣ್ಯಕೋಟಿ ಮರಳಿ ಬಂದಾಗ ಹುಲಿ ಯಾಕೆ ಕುಸಿಯಿತು ಎಂಬುದನ್ನು ಆ ಕ್ಲಾಸಿಗೆ ಯಾರೂ ವಿವರಿಸಬೇಕಾಗಲಿಲ್ಲ. ‘ಸತ್ಯವೇ ಗೆಲ್ಲುತ್ತದೆ’ ಎಂಬ ನೀತಿವಾಕ್ಯವನ್ನು ಬೋರ್ಡಿನ ಮೇಲೆ ಬರೆಯುವ ಟೀಚರಿಗೂ ಈ ಟೀಚರಿಗೂ ಇರುವ ಅಂತರ ಇಷ್ಟೇ, ಮತ್ತು ಇಷ್ಟು ದೊಡ್ಡದು.

ಹುಲಿ ಸಾಯುವುದು ಬೇಡ, ಮಕ್ಕಳ ಮನಸ್ಸಿಗೆ ನೋವಾಗುತ್ತದೆ, ಬೇರೆ ಕೊನೆ ಕೊಡೋಣ ಎನ್ನುವ ಪಾಲಕರೂ ಶಿಕ್ಷಕರೂ ಇದ್ದಾರೆ. ಮಕ್ಕಳೇ ಬೇರೆ ಕೊನೆ ಕಟ್ಟಿದರೆ ಸಂತೋಷ. ಆದರೆ ದೊಡ್ಡವರು ಮುಂಚೆಯೇ ಸಾವನ್ನು ಅಳಿಸಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ವಾರ್ಸಾದ ಯಾನುಷ್ ಕೊರ್ಚಾಕ್. ಮಕ್ಕಳ ವೈದ್ಯ, ಲೇಖಕ, ಯಹೂದಿ ಅನಾಥಾಲಯವೊಂದರ ಮೇಷ್ಟ್ರು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊದೊಳಗೆ, 1942ರ ಜುಲೈ 18ರಂದು, ಅವರು ತಮ್ಮ ಮಕ್ಕಳಿಂದ ಒಂದು ನಾಟಕ ಆಡಿಸಿದರು: ಟ್ಯಾಗೋರರ ‘ಡಾಕ್‌ಘರ್’. ಕಾಯಿಲೆಯಿಂದ ಕೋಣೆ ಬಿಟ್ಟು ಹೊರಬರಲಾರದ ಅಮಲ್ ಎಂಬ ಹುಡುಗ ಕಿಟಕಿಯಲ್ಲಿ ಕೂತು, ದಾರಿಯಲ್ಲಿ ಹೋಗುವ ಮೊಸರು ಮಾರುವವನ ಜೊತೆ, ಕಾವಲುಗಾರನ ಜೊತೆ ಮಾತಾಡುತ್ತ, ರಾಜನಿಂದ ಬರಬೇಕಾದ ಕಾಗದಕ್ಕೆ ಕಾಯುವ ನಾಟಕ ಅದು. ಹಸಿವು, ಟೈಫಸ್ ನಡುವೆ ಬದುಕಿದ್ದ ಮಕ್ಕಳು ಅದನ್ನು ಆಡಿದರು. ಮೂರು ವಾರ ಕಳೆಯುವುದರೊಳಗೆ ಅವರೆಲ್ಲರನ್ನೂ, ಸುಮಾರು 200 ಮಕ್ಕಳನ್ನು, ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಒಯ್ಯಲಾಯಿತು. ತಾನೊಬ್ಬ ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಕೊರ್ಚಾಕ್ ಮಕ್ಕಳ ಜೊತೆಯಲ್ಲೇ ಹೋದರು. ಬಂಗಾಳದ ಕವಿಯೊಬ್ಬ ಬರೆದ ಮಗುವಿನ ಕಥೆ ಪೋಲೆಂಡಿನ ಮಕ್ಕಳ ಕೊನೆಯ ದಿನಗಳಿಗೆ ಜೊತೆಯಾಯಿತು. ಮಕ್ಕಳಿಗೆ ದುಃಖದ ಕಥೆ ಬೇಡವೆನ್ನುವವರು ಇದನ್ನು ಒಮ್ಮೆ ಯೋಚಿಸಬೇಕು. ಅಪ್ಪ ತೀರಿಕೊಂಡ ಮಗು, ಕುಡಿತದ ಮನೆಯ ಮಗು, ಗುಳೆ ಹೋಗಿ ಬಂದ ಮಗು ನಿಮ್ಮ ಕ್ಲಾಸಿನಲ್ಲೂ ಕೂತಿರುತ್ತದೆ. ದುಃಖ ಅದಕ್ಕೆ ಹೊಸದಲ್ಲ. ಅದನ್ನು ಹೇಳಿಕೊಳ್ಳಲು ಒಂದು ಕಥೆ ಸಿಗುವುದಷ್ಟೇ ಹೊಸದು.

ಬರೆದ ನಾಟಕವನ್ನೇ ಆಡಿಸುತ್ತೇನೆನ್ನುವವರಿಗೆ ಕನ್ನಡದಲ್ಲಿ ಬಡತನವಿಲ್ಲ. ಕುವೆಂಪು ಅವರ ‘ಮೋಡಣ್ಣನ ತಮ್ಮ’, ಚಂದ್ರಶೇಖರ ಕಂಬಾರರ ‘ಕಿಟ್ಟಿಯ ಕಥೆ’, ಎಚ್.ಎಸ್. ವೆಂಕಟೇಶಮೂರ್ತಿಯವರ ‘ಅಳಿಲು ರಾಮಾಯಣ’, ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಅನ್ನು ಮಕ್ಕಳಿಗೆ ಒಗ್ಗಿಸಿದ ವೈದೇಹಿಯವರ ‘ಧಾಂ ಧೂಂ ಸುಂಟರಗಾಳಿ’. ವೈದೇಹಿಯವರ ನಾಟಕಗಳನ್ನು ನಾನು ವಿಶೇಷವಾಗಿ ಹೇಳುತ್ತೇನೆ; ಗುಂಪಿಗೆ ಗುಂಪೇ ರಂಗದ ಮೇಲಿರಲು ಅವು ಎಡೆ ಕೊಡುತ್ತವೆ. ಪ್ರದರ್ಶನಕ್ಕೆ ಮುನ್ನ ಲೇಖಕರಿಗೋ ಅವರ ಮನೆಯವರಿಗೋ ಒಂದು ಪತ್ರ ಬರೆದು ಅನುಮತಿ ಕೇಳಿ, ಆ ಪತ್ರವನ್ನು ಮಕ್ಕಳಿಂದಲೇ ಬರೆಸಿ. ಪಠ್ಯದ ಪತ್ರಲೇಖನಕ್ಕಿಂತ ಅದು ನೂರು ಪಾಲು ನಿಜವಾದ ಪತ್ರ. ದೊಡ್ಡವರ ನೆರವು ಬೇಕೆಂದರೆ ಮೈಸೂರಿನ ರಂಗಾಯಣವಿದೆ, ಅದರ ಚಿಣ್ಣರ ಮೇಳವಿದೆ. ಹೆಗ್ಗೋಡಿನ ನೀನಾಸಂ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಕಲಾಸಂಘ ಇವೆ. ಅಲ್ಲಿ ಕಲಿತು ಬಂದ ಯುವಕ ಯುವತಿಯರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ, ಕರೆದರೆ ಬರುತ್ತಾರೆ. ಬಂದವರಿಗೆ ಬಸ್ ಚಾರ್ಜು ಮಾತ್ರ ಕೊಟ್ಟು ಕಳಿಸಬೇಡಿ, ಅವರದೂ ದುಡಿಮೆಯೇ.

ಒಂದು ಮಾತು ಖಡಾಖಂಡಿತವಾಗಿ. ಕೈತೊಳೆಯುವ ನಾಟಕ, ಪ್ಲಾಸ್ಟಿಕ್ ನಾಟಕ, ಮತದಾನದ ನಾಟಕ, ಇವೆಲ್ಲ ಇಲಾಖೆಗಳ ಪ್ರಚಾರಕ್ಕೆ ಬೇಕಿರಬಹುದು. ಮಕ್ಕಳ ರಂಗಭೂಮಿ ಎಂದರೆ ಅದಲ್ಲ. ಸಂದೇಶ ಒಪ್ಪಿಸುವ ಮಗು ಉತ್ತರ ಒಪ್ಪಿಸುವ ಮಗುವೇ, ವೇಷ ಬೇರೆ ಅಷ್ಟೇ. ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡು ಹಾಕಿ, ಬಾಡಿಗೆ ಡ್ರೆಸ್ ತರಿಸಿ ಕುಣಿಸುವುದರ ಬಗ್ಗೆಯೂ ನನಗೆ ಇದೇ ತಕರಾರು. ಮಕ್ಕಳು ಕುಣಿಯಲಿ, ಆದರೆ ಹೆಜ್ಜೆಯೂ ಹಾಡೂ ಅವರು ಕಟ್ಟಿದ್ದಿರಲಿ. ಬಾಡಿಗೆ ಡ್ರೆಸ್ಸಿಗೆ ದುಡ್ಡಿಲ್ಲದ ಮಗು ಆ ದಿನ ಜ್ವರವೆಂದು ಮನೆಯಲ್ಲಿ ಉಳಿಯುವುದು ಯಾವ ಶಿಕ್ಷಕರಿಗೆ ಗೊತ್ತಿಲ್ಲ?

ಶಾಲೆಯ ಸುತ್ತಲ ಕಲೆಯತ್ತ ಬನ್ನಿ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಜೀವಮಾನವಿಡೀ ಅವರು ಮಾಡಿದ್ದು ತೊಗಲುಗೊಂಬೆಯಾಟ. ಹದ ಮಾಡಿದ ಚರ್ಮವನ್ನು ಬೆಳಕು ತೂರುವಷ್ಟು ತೆಳುವಾಗಿಸಿ, ಬಣ್ಣ ಹಾಕಿ, ರಂಧ್ರ ಕೊರೆದು ಮಾಡುವ ಗೊಂಬೆಗಳು ದೀಪದ ಮುಂದೆ ಬಂದರೆ ಬಿಳಿ ಪರದೆಯ ಮೇಲೆ ಬಣ್ಣದ ನೆರಳಾಗುತ್ತವೆ. ಇದನ್ನು ಕ್ಲಾಸಿನಲ್ಲಿ ಮಾಡುವುದು ಕಷ್ಟವಲ್ಲ. ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಗೊಂಬೆ ಬರೆದು, ಎರಡೂ ಕಡೆ ಗಾಢವಾಗಿ ಬಣ್ಣ ತುಂಬಿ, ಮೇಲೆ ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಹಾಳೆ ಬೆಳಕು ಬಿಡುತ್ತದೆ. ಕಣ್ಣು, ಒಡವೆ, ಸೀರೆಯ ಅಂಚು ಇರುವಲ್ಲಿ ದಬ್ಬಳದಿಂದ ಚುಚ್ಚಿ. ತೋಳನ್ನು ಬೇರೆ ಕತ್ತರಿಸಿ ದಾರದ ಗಂಟಿನಿಂದ ಜೋಡಿಸಿದರೆ ಅದು ಆಡುತ್ತದೆ. ಹಿಂದೆ ತೆಂಗಿನ ಕಡ್ಡಿ ಕಟ್ಟಿ. ಬಾಗಿಲಿಗೆ ಅಡ್ಡಲಾಗಿ ಹಳೇ ಪಂಚೆ ಬಿಗಿದು ಹಿಂದಿನಿಂದ ಒಂದು ಬಲ್ಬು ಹಚ್ಚಿದರೆ ರಂಗ ಸಿದ್ಧ. ಗೊಂಬೆ ಪರದೆಗೆ ಅಂಟಿಕೊಂಡಷ್ಟೂ ನೆರಳು ಸ್ಪಷ್ಟ, ದೀಪದ ಹತ್ತಿರ ಸರಿದಷ್ಟೂ ದೊಡ್ಡದು, ಮಸುಕು. ಬೆಳಕು ನೇರವಾಗಿ ಚಲಿಸುತ್ತದೆ ಎಂಬ ಪಾಠವನ್ನು ಆಮೇಲೆ ವಿಜ್ಞಾನದ ಮೇಷ್ಟ್ರು ಎರಡೇ ಮಾತಿನಲ್ಲಿ ಮುಗಿಸಬಹುದು. ರಾಕ್ಷಸ ಬರುವಾಗ ಗೊಂಬೆಯನ್ನು ದೀಪದ ಕಡೆ ಒಯ್ಯಬೇಕೆಂಬುದನ್ನು ಮಕ್ಕಳು ಅಷ್ಟರಲ್ಲಿ ತಾವೇ ಕಂಡುಕೊಂಡಿರುತ್ತಾರೆ.

ಕರಾವಳಿಯ ಎಷ್ಟೋ ಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಿದ್ದಾರೆ. ಧಾರವಾಡದ ಮಗುವಿನ ಅಜ್ಜಿಗೆ ಕಸೂತಿ ಬರುತ್ತದೆ, ಸಾಗರದ ಮಗುವಿನ ಅಮ್ಮನಿಗೆ ಹಸೆ ಚಿತ್ತಾರ ಬರುತ್ತದೆ. ಅವರನ್ನು ಶಾಲೆಗೆ ಕರೆದು ಕುರ್ಚಿ ಕೊಟ್ಟು ಕೂರಿಸಿದ ದಿನ ಆ ಮಗುವಿನ ನಡಿಗೆಯೇ ಬದಲಾಗುತ್ತದೆ.

ಇವೆಲ್ಲಕ್ಕೂ ಮೊದಲು ಶಿಕ್ಷಕರೇ ಓದಲೇಬೇಕಾದ ಪುಸ್ತಕವೊಂದಿದೆ: ಜಪಾನಿನ ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಬರೆದ ‘ತೊತ್ತೊಚಾನ್’. ನ್ಯಾಷನಲ್ ಬುಕ್ ಟ್ರಸ್ಟ್ ಮೂಲಕ ಕನ್ನಡಕ್ಕೂ ಬಂದಿದೆ. ಮೊದಲ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ ತೊಮೊಯೆ ಶಾಲೆಗೆ ಬಂದ ದಿನ, ಮುಖ್ಯೋಪಾಧ್ಯಾಯ ಕೊಬಾಯಾಶಿ ಅವಳ ಮಾತನ್ನು ನಾಲ್ಕು ಗಂಟೆ ಹೊತ್ತು ಕೂತು ಕೇಳುತ್ತಾರೆ, ಒಮ್ಮೆಯೂ ಆಕಳಿಸದೆ. ಲಯಕ್ಕೆ ತಕ್ಕಂತೆ ಮೈಯಾಡಿಸುವ ಪಾಠ ಆ ಶಾಲೆಯಲ್ಲಿ ಮುಖ್ಯ ಪಾಠಗಳಲ್ಲೊಂದು. ಕೊಬಾಯಾಶಿ ಯುರೋಪಿಗೆ ಹೋಗಿ, ಆ ಪಾಠವನ್ನು ರೂಪಿಸಿದ ಡಾಲ್‌ಕ್ರೋಜ್ ಅವರಿಂದ ಅದನ್ನು ಕಲಿತು ಬಂದಿದ್ದರು. 1945ರ ಬಾಂಬ್ ದಾಳಿಯಲ್ಲಿ ಶಾಲೆ ಸುಟ್ಟುಹೋಯಿತು. ಪುಸ್ತಕ ಉಳಿದಿದೆ. ಮಗುವಿನ ಮಾತನ್ನು ನಡುವೆ ತುಂಡರಿಸದೆ ಕೇಳಬಲ್ಲವರು ಮಾತ್ರ ಮಗುವಿನಿಂದ ನಾಟಕ ಆಡಿಸಬಲ್ಲರು ಎಂಬುದು ಅದನ್ನು ಓದಿದರೆ ಮನದಟ್ಟಾಗುತ್ತದೆ.

ಸಿಲಬಸ್ ಮುಗಿಯುವುದಿಲ್ಲ, ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಇವುಗಳ ನಡುವೆ ಅರ್ಧ ಗಂಟೆ ಎಲ್ಲಿಂದ ತರಲಿ ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ಈ ಹೊರೆಯನ್ನು ಇಳಿಸಬೇಕಾದವರು ಸರ್ಕಾರದವರು. ಹತ್ತನೇ ತರಗತಿವರೆಗೂ ಕಲೆ ಕಡ್ಡಾಯ ವಿಷಯವಾಗಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಇಷ್ಟು ವರ್ಷಗಳಾದರೂ ರಂಗಶಿಕ್ಷಕರು, ಸಂಗೀತ ಶಿಕ್ಷಕರು, ಚಿತ್ರಕಲಾ ಶಿಕ್ಷಕರು ಇರುವ ಸರ್ಕಾರಿ ಶಾಲೆಗಳನ್ನು ಹುಡುಕಬೇಕು. ನಿವೃತ್ತರಾದವರ ಜಾಗ ಖಾಲಿಯೇ ಉಳಿಯುತ್ತದೆ. ಹೀಗಿದ್ದೂ ದಾರಿಗಳಿವೆ. ಬ್ಯಾಗಿಲ್ಲದೆ ಬರುವ ‘ಸಂಭ್ರಮ ಶನಿವಾರ’ ಇದೆ. ಒಂದರಿಂದ ಮೂರನೇ ತರಗತಿಯವರೆಗೆ ನಲಿ–ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಅದನ್ನು ಕಟ್ಟಿದವರು ಸರ್ಕಾರಿ ಶಾಲೆಯ ಶಿಕ್ಷಕರೇ. ಹಾಡು, ಆಟ, ಕಾರ್ಡುಗಳನ್ನು ಅವರೇ ಕೂತು ರೂಪಿಸಿದ್ದರು. ಮೇಲಿನಿಂದ ಆದೇಶ ಬರಲೆಂದು ಅವರು ಕಾದಿದ್ದರೆ ನಲಿ–ಕಲಿ ಇರುತ್ತಿರಲಿಲ್ಲ.

ಪಾಲಕರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ ಒಂದು ಮನವಿ. ಶಾಲೆಗೆ ಹೋದಾಗ ‘ಎಷ್ಟು ಪಾಠ ಆಯಿತು?’ ಎಂದು ಕೇಳುವ ಹಾಗೆಯೇ ‘ಈ ವಾರ ಯಾವ ಪುಸ್ತಕ ಓದಿ ಹೇಳಿದಿರಿ?’ ಎಂದೂ ಕೇಳಿ. ಊರ ಜಾತ್ರೆಯ ಆರ್ಕೆಸ್ಟ್ರಾಕ್ಕೆ ಎತ್ತುವ ಚಂದಾದಲ್ಲಿ ಸ್ವಲ್ಪ ತೆಗೆದಿಟ್ಟು ಶಾಲೆಗೆ ಐವತ್ತು ಮಕ್ಕಳ ಪುಸ್ತಕ ಕೊಡಿಸಿ. ಮಕ್ಕಳ ನಾಟಕವಿದ್ದ ದಿನ ಹೊಲದ ಕೆಲಸ ಒಂದು ಗಂಟೆ ಮುಂಚೆ ಬಿಟ್ಟು ಬಂದು ಕೂತು ನೋಡಿ, ಮತ್ತು ನಾಟಕ ಮುಗಿದ ಮೇಲೆ ಮಗುವಿಗೆ ಎಷ್ಟನೇ ಬಹುಮಾನ ಬಂತೆಂದು ಮಾತ್ರ ಕೇಳಬೇಡಿ.